ಸಹಿ ಇರೋ ಲಿಮಿಟೆಡ್ ಎಡಿಷನ್ ಪುಸ್ತಕ ತಗೋಬೇಕು ಅಂತಿದೀನಿ, ಸರ್ಟಿಫಿಕೇಟ್ ಇದ್ರೆ ಸಾಕಾ?

ಸಾಲಲ್ಲ. ಸರ್ಟಿಫಿಕೇಟ್ ಒಂದನ್ನೇ ನಂಬ್ಕೊಂಡು ದುಡ್ಡು ಕಳಿಸ್ಬೇಡಿ. ನೀವು ಕೇಳಿರೋದು, ಇಷ್ಟದ ಲೇಖಕರ ಸಹಿ ಇರೋ 250 ಪ್ರತಿಗಳ ಲಿಮಿಟೆಡ್ ಎಡಿಷನ್ ಒಂದು ಆನ್‌ಲೈನಲ್ಲಿ ಕಣ್ಣಿಗೆ ಬಿದ್ದಿದೆ, ಅಸಲಿ ಅನ್ನೋ ಸರ್ಟಿಫಿಕೇಟೂ ಕೊಡ್ತಾರಂತೆ, ತಗೋಬಹುದಾ, ಮುಂದೆ ಬೆಲೆ ಏರತ್ತಾ, ಈ ಹವ್ಯಾಸ ಶುರು ಮಾಡೋದು ಹೇಗೆ ಅಂತ. ಹನ್ನೆರಡು ವರ್ಷದಿಂದ ನಾನೂ ಇದೇ ಹುಚ್ಚಲ್ಲಿದೀನಿ, ಗೊತ್ತಿರೋದನ್ನೆಲ್ಲ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ನಾನು ದುಡ್ಡು ಕೊಟ್ಟು ತಗೊಂಡ ಮೊದಲ ಸೈನ್ಡ್ ಪುಸ್ತಕದ ಸಹಿ ನಕಲಿ. ಅದಕ್ಕೂ ಚಂದದ ಸರ್ಟಿಫಿಕೇಟ್ ಇತ್ತು, ಹೊಳೆಯೋ ಸ್ಟಿಕ್ಕರ್ ಬೇರೆ. ಎರಡು ವರ್ಷ ಕಪಾಟಿನ ಮೇಲಿನ ಸಾಲಲ್ಲಿಟ್ಟು ಬಂದವರಿಗೆಲ್ಲ ತೋರಿಸಿದ್ದೆ. ಒಂದಿನ ಅದೇ ಪುಸ್ತಕದ ಇನ್ನೊಂದು ಪ್ರತಿ ಬೇರೆ ಯಾರೋ ಮಾರಾಟಕ್ಕಿಟ್ಟಿದ್ದು ಕಾಣಿಸ್ತು, ಸಹಿಯ ಫೋಟೋ ನೋಡಿ ಏನೋ ಅನುಮಾನ ಬಂದು ನನ್ನ ಪ್ರತಿ ತೆಗೆದು ಫೋಟೋ ಹೊಡೆದು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಒಬ್ಬರೇ ಮನುಷ್ಯ ಸಾವಿರ ಸಲ ರುಜು ಹಾಕಿದ್ರೂ ಎರಡು ರುಜು ಗೆರೆಗೆ ಗೆರೆ ಹೊಂದ್ಕೊಳ್ಳೋ ಹಾಗೆ ಬರಲ್ಲ, ಕೈ ಓಡೋ ವೇಗ, ಒತ್ತಿದ ಭಾರ, ಕೂತ ರೀತಿ ಏನಾದ್ರೂ ಬದಲಾಗೇ ಇರತ್ತೆ. ಆಮೇಲೆ ಭೂತಗನ್ನಡಿ ಇಟ್ಟು ನೋಡಿದ್ರೆ ಶಾಯಿಯ ಗೆರೆ ಇರಬೇಕಾದ ಕಡೆ ಸಣ್ಣ ಸಣ್ಣ ಚುಕ್ಕಿಗಳು, ಅಂದ್ರೆ ಪ್ರಿಂಟ್ ಮಾಡಿದ ಸಹಿ. ಸರ್ಟಿಫಿಕೇಟಿಗೆ ಸೈನ್ ಹಾಕಿದವರು ಯಾರು ಅಂತ ನೋಡಿದ್ರೆ ಮಾರಿದವರೇ! ಅವತ್ತು ತುಂಬಾ ಅವಮಾನ ಆಯ್ತು, ದುಡ್ಡಿಗಿಂತ ಹೆಚ್ಚಾಗಿ, ಆ ಲೇಖಕರ ಕೈ ಈ ಪುಟ ಮುಟ್ಟಿತ್ತು ಅಂದ್ಕೊಂಡು ಎರಡು ವರ್ಷ ಖುಷಿ ಪಟ್ಟಿದ್ನಲ್ಲ ಅದಕ್ಕೆ.

ಇದು ಸಣ್ಣ ಮಾರಾಟಗಾರರ ಹತ್ರ ಮಾತ್ರ ಆಗತ್ತೆ ಅಂದ್ಕೋಬೇಡಿ. 2022ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಹೊಸ ಪುಸ್ತಕದ 900 ಪ್ರತಿಗಳನ್ನ ಕೈಯಾರೆ ಸಹಿ ಮಾಡಿದ್ದು ಅಂತ ತಲಾ 599 ಡಾಲರಿಗೆ ಮಾರಿದ್ರು, ಸಹಿ ಅಸಲಿ ಅನ್ನೋ ಪ್ರಕಾಶಕರ ಪತ್ರಾನೂ ಒಳಗಿತ್ತು. ಕೊಂಡವರು ತಮ್ಮ ತಮ್ಮ ಪ್ರತಿಯ ಫೋಟೋ ಹಾಕಿ ಹೋಲಿಸಿ ನೋಡಿದಾಗ ಸಹಿಗಳು ಒಂದಕ್ಕೊಂದು ಅಚ್ಚು ಹಾಕಿದ ಹಾಗಿದ್ವು. ಆಟೋಪೆನ್ ಅಂತ ಒಂದು ಯಂತ್ರ ಇದೆ, ಒಂದು ಸಲ ಸಹಿಯ ಮಾದರಿ ಕೊಟ್ರೆ ನಿಜವಾದ ಪೆನ್ನು ಹಿಡ್ಕೊಂಡು ಅದೇ ಸಹಿಯನ್ನ ಎಷ್ಟು ಸಲ ಬೇಕಾದ್ರೂ ಹಾಕತ್ತೆ. ಕೊನೆಗೆ ಎಲ್ಲರಿಗೂ ದುಡ್ಡು ವಾಪಸ್ ಕೊಟ್ರು, ಡಿಲನ್ ಕೂಡ ಕ್ಷಮೆ ಕೇಳಿದ್ರು. ಆಟೋಪೆನ್ನಿನ ಶಾಯಿ ನಿಜವಾದ ಶಾಯಿನೇ ಆಗಿರೋದ್ರಿಂದ ಭೂತಗನ್ನಡಿಯಲ್ಲಿ ಚುಕ್ಕಿ ಕಾಣಲ್ಲ, ಅದನ್ನ ಬೇರೆ ಥರ ನೋಡ್ಬೇಕು. ಕೈಯಿಂದ ಬರೆಯುವಾಗ ಪೆನ್ನು ಓಡ್ತಾ ಬಂದು ಕಾಗದ ಮುಟ್ಟತ್ತೆ, ಓಡ್ತಾನೇ ಮೇಲೇಳತ್ತೆ, ಹಾಗಾಗಿ ಗೆರೆಯ ತುದಿ ಸಪೂರ ಆಗಿರತ್ತೆ, ನಡುವೆ ದಪ್ಪ ಸಣ್ಣ ಆಗ್ತಾ ಹೋಗತ್ತೆ. ಯಂತ್ರದ್ದು ಶುರುವಲ್ಲೂ ಕೊನೆಯಲ್ಲೂ ಚುಕ್ಕಿ ಇಟ್ಟ ಹಾಗೆ ಮೊಂಡು, ಉದ್ದಕ್ಕೂ ಒಂದೇ ದಪ್ಪ.

ಪೆನ್ನಿನ ವಯಸ್ಸೂ ಗಮನಿಸಿ. ಬಾಲ್ ಪೆನ್ನು ಜನರ ಕೈಗೆ ಸಿಕ್ಕಿದ್ದು 1945ರ ಹೊತ್ತಿಗೆ, ಮಾರ್ಕರ್ ಥರದ ದಪ್ಪ ಪೆನ್ನುಗಳು 1950, 60ರ ದಶಕಗಳಲ್ಲಿ ಬಳಕೆಗೆ ಬಂದ್ವು. ಅದಕ್ಕೂ ಮುಂಚೆ ತೀರ್ಕೊಂಡ ಲೇಖಕರ ಸಹಿ ಅಂಥ ಪೆನ್ನಲ್ಲಿ ಇದ್ರೆ ಅಲ್ಲಿಗೆ ಮುಗೀತು. ಹಳೇ ಕಾಗದ ಪತ್ರ ಆದ್ರೆ ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟು ನೋಡಿ, ಕಾಗದ ನೀಲಿ ಬಿಳುಪಾಗಿ ಹೊಳೆದ್ರೆ ಬೆಳ್ಳಗೆ ಕಾಣ್ಲಿ ಅಂತ ಅದಕ್ಕೆ ರಾಸಾಯನಿಕ ಸೇರಿಸಿದಾರೆ ಅಂತರ್ಥ, ಅದು ಕಾಗದಕ್ಕೆ ಬಂದಿದ್ದು ಹೆಚ್ಚುಕಡಿಮೆ 1950ರಿಂದ ಈಚೆಗೆ. 1920ರ ಪತ್ರ ಹಾಗೆ ಹೊಳೀಬಾರದು.

ಆದ್ರೆ ಇಷ್ಟೆಲ್ಲ ಪರೀಕ್ಷೆನೂ ಒಂದು ಮಟ್ಟಕ್ಕೆ ಮಾತ್ರ. 1997ರಲ್ಲಿ 19ನೇ ಶತಮಾನದ ಅಮೆರಿಕನ್ ಕವಿ ಎಮಿಲಿ ಡಿಕಿನ್ಸನ್ ಅವರದ್ದು ಅಂತ ಒಂದು ಅಪ್ರಕಟಿತ ಕವಿತೆಯ ಹಸ್ತಪ್ರತಿ ಸೋದಬೀಸ್ ಹರಾಜಿಗೆ ಬಂತು, ಆಕೆಯ ಊರಾದ ಆಮ್ಹರ್ಸ್ಟ್‌ನ ಜೋನ್ಸ್ ಲೈಬ್ರರಿ 21,000 ಡಾಲರ್ ಕೊಟ್ಟು ತಗೊಳ್ತು. ಕಾಗದ, ಬರವಣಿಗೆ ಎಲ್ಲ ಆ ಕಾಲದ್ದೇ ಅನ್ನೋ ಹಾಗಿತ್ತು. ಆಮೇಲೆ ಇದು ಯಾರಿಂದ ಯಾರಿಗೆ ಬಂತು ಅಂತ ಲೈಬ್ರರಿಯವರು ಒಂದೊಂದೇ ಕೈ ಹಿಂದಕ್ಕೆ ಹುಡುಕ್ತಾ ಹೋದಾಗ ಸಿಕ್ಕಿದ್ದು ಮಾರ್ಕ್ ಹಾಫ್ಮನ್, ಖೋಟಾ ದಾಖಲೆಗಳಿಗೇ ಹೆಸರಾದವನು, ಅಷ್ಟೊತ್ತಿಗಾಗ್ಲೇ ಕೊಲೆ ಕೇಸಲ್ಲಿ ಜೈಲಲ್ಲಿದ್ದ. ಈ ಕಥೆ ಓದಿದ ಮೇಲೆ ನಾನು ಖರೀದಿ ಮಾಡೋ ರೀತಿನೇ ಬದಲಾಯ್ತು. ಈಗ ಸಹಿಗಿಂತ ಮೊದಲು ದಾರಿ ಕೇಳ್ತೀನಿ. ಲೇಖಕರ ಕೈಯಿಂದ ಹೊರಟು ನನ್ನ ಕೈಗೆ ಬರೋ ತನಕ ಈ ಪುಸ್ತಕ ಯಾರ್ಯಾರ ಮನೇಲಿತ್ತು, ಅದಕ್ಕೆ ಬಿಲ್ಲು, ಪತ್ರ, ಫೋಟೋ, ಹಳೇ ಕ್ಯಾಟಲಾಗಿನ ಪುಟ ಏನಾದ್ರೂ ಇದ್ಯಾ. ಈ ವಿಷಯದವರು ಇದನ್ನ ಪ್ರೊವೆನೆನ್ಸ್ ಅಂತಾರೆ. ದಾರಿ ಗೊತ್ತಿರೋ ಸಾಧಾರಣ ಪುಸ್ತಕ, ದಾರಿ ಗೊತ್ತಿಲ್ಲದ ಅಪರೂಪದ ಪುಸ್ತಕ, ಎರಡೂ ಮುಂದಿದ್ರೆ ನಾನು ಮೊದಲನೇದನ್ನ ತಗೋತೀನಿ, ಯೋಚನೆನೇ ಮಾಡಲ್ಲ.

ಅದಕ್ಕೇ ಲಿಮಿಟೆಡ್ ಎಡಿಷನ್ ಒಂದು ಲೆಕ್ಕದಲ್ಲಿ ಹೊಸಬರಿಗೆ ಸುರಕ್ಷಿತ. ಸರಿಯಾದ ಲಿಮಿಟೆಡ್ ಎಡಿಷನ್‌ನಲ್ಲಿ ಒಟ್ಟು ಎಷ್ಟು ಪ್ರತಿ ಅಚ್ಚಾಯ್ತು, ಯಾವ ಕಾಗದ, ಇದು ಎಷ್ಟನೇದು ಅಂತ ಒಂದು ಪುಟ ಇರತ್ತೆ, ಲೇಖಕರ ಸಹಿ ಸಾಮಾನ್ಯವಾಗಿ ಅಲ್ಲೇ ಇರತ್ತೆ, ಅಂದ್ರೆ ಸಹಿಗೆ ಪ್ರಕಾಶಕರೇ ಸಾಕ್ಷಿ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ಅವರ ಯುಲಿಸಿಸ್ ಕಾದಂಬರಿ 1922ರಲ್ಲಿ ಮೊದಲು ಬಂದಿದ್ದೇ 1000 ಪ್ರತಿಗಳ ಲಿಮಿಟೆಡ್ ಎಡಿಷನ್ ಆಗಿ, ಅದರಲ್ಲಿ ಮೊದಲ 100 ಪ್ರತಿ ಮಾತ್ರ ಕೈಕಾಗದದಲ್ಲಿ, ಅವಕ್ಕೆ ಮಾತ್ರ ಸಹಿ, ಇನ್ನು 150 ಬೇರೆ ಕಾಗದ, ಉಳಿದ 750 ಇನ್ನೊಂದು ಕಾಗದ. ಹಾಗಾಗಿ 500ನೇ ನಂಬರಿನ ಪ್ರತಿಯಲ್ಲಿ ಸಹಿ ಇದ್ರೆ ಅದು ಆಮೇಲೆ ಯಾವಾಗ್ಲೋ ಯಾರೋ ಹಾಕಿಸ್ಕೊಂಡಿದ್ದು, ಇಲ್ಲ ನಕಲಿ. ಟಾಗೋರರ ಇಂಗ್ಲಿಷ್ ಗೀತಾಂಜಲಿನೂ 1912ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿಯಿಂದ ಬರೀ 750 ಪ್ರತಿ ಬಂದಿತ್ತು, ಮಾರಾಟಕ್ಕಿಟ್ಟಿದ್ದು 250. ಅಮೆರಿಕನ್ ಲೇಖಕ ರೇ ಬ್ರಾಡ್‌ಬರಿ ಅವರ ಫ್ಯಾರನ್‌ಹೀಟ್ 451 ಪುಸ್ತಕಕ್ಕೆ 1953ರಲ್ಲಿ 200 ಪ್ರತಿಗಳ ಒಂದು ಸಹಿ ಆವೃತ್ತಿ ತಂದ್ರು, ಪುಸ್ತಕ ಸುಡೋ ಕಥೆ ಅಂತ ಬೆಂಕಿ ಹತ್ತದ ಆಸ್‌ಬೆಸ್ಟಾಸ್ ರಟ್ಟಿನಲ್ಲಿ ಕಟ್ಟಿಸಿದ್ರು. ಬರೆದ ವಿಷಯಕ್ಕೂ ಬೈಂಡಿಂಗಿಗೂ ಇಷ್ಟು ಹೊಂದಿಕೆ ಇರೋದು ನಾನು ಬೇರೆ ಕಂಡಿಲ್ಲ. (ಮುಟ್ಟೋ ಅವಕಾಶ ಸಿಕ್ರೆ ರಟ್ಟು ಸವೆದಿದ್ಯಾ ನೋಡ್ಕೊಳ್ಳಿ, ಆಸ್‌ಬೆಸ್ಟಾಸ್ ಪುಡಿ ಶ್ವಾಸಕೋಶಕ್ಕೆ ಅಪಾಯ.)

ನಿಮ್ಮ ಪುಸ್ತಕದಲ್ಲೂ ಸಹಿ ಎಲ್ಲಿದೆ ನೋಡಿ. ಪುಸ್ತಕದ ಪುಟದ ಮೇಲೇನಾ, ಬೇರೆ ಹಾಳೆಗಳಿಗೆ ಲೇಖಕರು ಮನೆಯಲ್ಲಿ ಕೂತು ಸಹಿ ಹಾಕಿ ಕಳಿಸಿ ಆಮೇಲೆ ಅದನ್ನ ಬೈಂಡಿಂಗಲ್ಲಿ ಸೇರಿಸಿದ್ದಾ, ಅಥವಾ ಸ್ಟಿಕ್ಕರ್ ಥರ ಒಂದು ಚೀಟಿ ಅಂಟಿಸಿದ್ದಾ. ಮೊದಲ ಎರಡೂ ಸರಿ. ಮೂರನೇದು ನನಗೆ ಅಷ್ಟು ಇಷ್ಟ ಇಲ್ಲ, ಚೀಟಿಯನ್ನ ಯಾರು ಬೇಕಾದ್ರೂ ಯಾವ ಪ್ರತಿಗೆ ಬೇಕಾದ್ರೂ ಅಂಟಿಸಬಹುದು.

ಇನ್ನೊಂದು, "ಇಂಥವರಿಗೆ ಪ್ರೀತಿಯಿಂದ" ಅಂತ ಬೇರೆಯವರ ಹೆಸರು ಬರೆದು ಸಹಿ ಹಾಕಿದ ಪ್ರತಿಗಳನ್ನ ಹೊಸಬರು ಬೇಡ ಅಂತ ಬಿಟ್ಬಿಡ್ತಾರೆ, ಬರೀ ಸಹಿ ಇದ್ರೆ ಮರುಮಾರಾಟ ಸುಲಭ ಅಂತ. ನಾನು ಉಲ್ಟಾ. ನಾಲ್ಕು ಸಾಲು ಕೈಬರಹ ಇದ್ರೆ ನಕಲು ಮಾಡೋದು ಕಷ್ಟ, ತಾರೀಕು ಇರತ್ತೆ, ಹೆಸರು ಇರತ್ತೆ, ದಾರಿ ಹುಡುಕೋಕೆ ಎಳೆ ಸಿಗತ್ತೆ. ಆ ಹೆಸರು ಲೇಖಕರ ಗೆಳೆಯರದ್ದೋ ಗುರುಗಳದ್ದೋ ಆಗಿದ್ರಂತೂ ಅದಕ್ಕಿಂತ ಮೇಲಿನ ಪ್ರತಿ ಇನ್ನೊಂದಿಲ್ಲ.

ಪುಸ್ತಕ ಬಿಟ್ಟು ಲೇಖಕರ ವಸ್ತುಗಳ ಬಗ್ಗೆನೂ ಒಂದು ಸಾಲು ಕೇಳಿದೀರಿ. ಪೆನ್ನು, ಕನ್ನಡಕ, ಟೈಪ್‌ರೈಟರ್ ಇವೆಲ್ಲ ಪುಸ್ತಕಕ್ಕಿಂತ ಅಪಾಯ, ಯಾಕಂದ್ರೆ ಅವುಗಳ ಮೇಲೆ ಹೆಸರು ಬರೆದಿರಲ್ಲ, ದಾರಿ ಒಂದೇ ಆಧಾರ. ಅಮೆರಿಕನ್ ಕಾದಂಬರಿಕಾರ ಕಾರ್ಮ್ಯಾಕ್ ಮೆಕಾರ್ಥಿ ಅವರು ದಶಕಗಳ ಕಾಲ ಬರೆದ ಒಲಿವೆಟ್ಟಿ ಟೈಪ್‌ರೈಟರ್ 2009ರಲ್ಲಿ ಕ್ರಿಸ್ಟೀಸ್ ಹರಾಜಲ್ಲಿ 2,54,500 ಡಾಲರಿಗೆ ಹೋಯ್ತು. ಅದೇ ಮಾದರಿಯ ಹಳೇ ಯಂತ್ರ ಆಗ 20 ಡಾಲರಿಗೂ ಕಡಿಮೆಗೆ ಸಿಗ್ತಿತ್ತು, ಅದರ ಬದಲಿಗೆ ಅವರ ಬಳಕೆಗೆ ಗೆಳೆಯರೊಬ್ಬರು ಹಾಗೇ ಒಂದು ತಂದುಕೊಟ್ರು. ಅಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾರಣ, ಇದು ನನ್ನದು, ಇದರಲ್ಲೇ ಬರೆದಿದ್ದು ಅಂತ ಅವರೇ ಬರೆದುಕೊಟ್ಟ ಪತ್ರ. ನನ್ನ ಹತ್ರ ಇಂಥ ದೊಡ್ಡದೇನೂ ಇಲ್ಲ, ಇರೋದು ಒಂದು ಕಾರ್ಡು. ನಾನು ತುಂಬಾ ಓದಿರೋ ಲೇಖಕರೊಬ್ಬರು ಯಾರೋ ಓದುಗರಿಗೆ ಬರೆದಿದ್ದು, ಪುಸ್ತಕದಲ್ಲಿ ನೀವು ತೋರಿಸಿದ ತಪ್ಪು ನಿಜ, ಮುಂದಿನ ಮುದ್ರಣದಲ್ಲಿ ತಿದ್ದುತ್ತೀನಿ ಅಂತ. ಓದುಗರ ಮನೆಯವರಿಂದಲೇ ನನಗೆ ಬಂತು, ಅವರು ಕಳಿಸಿದ ಪತ್ರದ ಕರಡೂ ಜೊತೆಗಿದೆ. ಮುಂದಿನ ಮುದ್ರಣ ಹುಡುಕಿ ತಗೊಂಡು ಆ ಪುಟ ತೆಗೆದೆ, ತಿದ್ದಿದಾರೆ! ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದೀನಿ. ನನ್ನ ಸಂಗ್ರಹದಲ್ಲಿ ಕಮ್ಮಿ ದುಡ್ಡಿಗೆ ಬಂದಿದ್ದು ಅದೇ, ಯಾರು ಕೇಳಿದ್ರೂ ಕೊಡಲ್ಲ. ಹಾಂ, ಪತ್ರ ತಗೊಂಡ್ರೆ ನಿಮ್ಮದಾಗೋದು ಆ ಹಾಳೆ ಮಾತ್ರ, ಬರಹದ ಕಾಪಿರೈಟ್ ಲೇಖಕರದ್ದು ಅಥವಾ ಅವರ ವಾರಸುದಾರರದ್ದು, ಹಾಗೇ ಪೂರ್ತಿ ಪ್ರಕಟಿಸೋಕೆ ಹೋಗ್ಬೇಡಿ.

ಕಾಪಾಡೋ ವಿಷಯ ಚಿಕ್ಕದು. ಬಿಸಿಲು ಬೀಳೋ ಗೋಡೆ ಬೇಡ, ತೇವ ಬೇಡ, ಸಹಿ ಪುಟಕ್ಕೆ ಲ್ಯಾಮಿನೇಷನ್ ಸೆಲ್ಲೋಟೇಪ್ ಎರಡೂ ಯಾವತ್ತೂ ಬೇಡ, ರಟ್ಟಿನ ಮೇಲಿನ ಕಾಗದದ ಜಾಕೆಟ್ ಬಿಸಾಡ್ಬೇಡಿ, ಹಳೇ ಮೊದಲ ಮುದ್ರಣಗಳಲ್ಲಿ ಎಷ್ಟೋ ಸಲ ಬೆಲೆಯ ದೊಡ್ಡ ಪಾಲು ಆ ಜಾಕೆಟ್ಟಿಂದೇ. ಅದಕ್ಕೆ ಪಾಲಿಯೆಸ್ಟರ್ ಹೊದಿಕೆ ಹಾಕಿ, ಪಿವಿಸಿ ಪ್ಲಾಸ್ಟಿಕ್ ಕಾಲ ಕಳೆದಂತೆ ಅಂಟತ್ತೆ.

ಬೆಲೆ ಏರತ್ತಾ ಅಂದ್ರೆ, ಹೆಚ್ಚಿನವು ಏರಲ್ಲ. ಈಗ ಪ್ರಕಾಶಕರು ಸಾವಿರಗಟ್ಟಲೆ ಸೈನ್ಡ್ ಪ್ರತಿ ಬಿಡ್ತಾರೆ, ಸಹಿ ಇದೆ ಅಂದ ಮಾತ್ರಕ್ಕೆ ಅಪರೂಪ ಆಗಲ್ಲ. 250 ಪ್ರತಿ ಅಂತ ಇದ್ರೂ ಅದನ್ನ ಬಯಸೋರು 100 ಜನ ಇದ್ರೆ ಬೆಲೆ ಎಲ್ಲಿಂದ ಏರತ್ತೆ ಹೇಳಿ. ದುಡ್ಡು ಬೆಳೆಸೋ ಆಸೆಗಾದ್ರೆ ಬೇಡ, ಆ ಲೇಖಕರನ್ನ ನೀವು ಓದಿ ಓದಿ ಪುಟ ಮಾಸಿದ್ರೆ ಮಾತ್ರ ತಗೊಳ್ಳಿ. ಶುರು ಮಾಡೋದೂ ಹಾಗೇ, ಒಬ್ಬರೇ ಲೇಖಕರನ್ನ ಹಿಡ್ಕೊಳ್ಳಿ, ಅವರ ಸಹಿ ಚಿಕ್ಕ ವಯಸ್ಸಲ್ಲಿ ಹೇಗಿತ್ತು, ವಯಸ್ಸಾದ ಮೇಲೆ ಹೇಗಾಯ್ತು, ಯಾವ ಪುಸ್ತಕದ ಯಾವ ಮುದ್ರಣ ಎಷ್ಟು ಬಂತು ಅಂತ ಒಂದು ವರ್ಷ ಬರೀ ನೋಡ್ತಾ ಬರ್ಕೊಳ್ಳಿ, ಖರೀದಿ ಆಮೇಲೆ.

ಈಗ ನಿಮ್ಮ ಆ 250ರ ಪುಸ್ತಕಕ್ಕೆ ಬರೋಣ. ಮಾರೋರಿಗೆ ಒಂದು ಮೆಸೇಜ್ ಹಾಕಿ, ಪ್ರತಿ ಸಂಖ್ಯೆ ಇರೋ ಪುಟದ ಪೂರ್ತಿ ಫೋಟೋ, ಸಹಿಯನ್ನ ಓರೆ ಬೆಳಕಲ್ಲಿ ಹತ್ತಿರದಿಂದ ತೆಗೆದ ಫೋಟೋ, ಅವರಿಗೆ ಇದು ಎಲ್ಲಿಂದ ಬಂತು ಅನ್ನೋದು, ನಕಲಿ ಅಂತ ಆದ್ರೆ ಎಷ್ಟು ದಿನದ ತನಕ ವಾಪಸ್ ತಗೋತಾರೆ ಅನ್ನೋದನ್ನ ಬರಹದಲ್ಲಿ ಕೇಳಿ. ಸರ್ಟಿಫಿಕೇಟ್ ಇದೆಯಲ್ಲ ಅಂತಷ್ಟೇ ಉತ್ತರ ಬಂದ್ರೆ ಬಿಟ್ಬಿಡಿ. ಫೋಟೋ ಕಳಿಸಿದ್ರೆ ಇಲ್ಲಿ ಹಾಕಿ, ಅದೇ ಆವೃತ್ತಿಯ ಬೇರೆ ಪ್ರತಿಗಳ ಸಹಿ ಜೊತೆ ಇಟ್ಟು ನಾನೂ ನೋಡ್ತೀನಿ.