ಎಕ್ಸ್‌ರೇಯಲ್ಲಿ ಕಾಣದ ನೋವು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಹಾವೇರಿ ಜಿಲ್ಲೆಯಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಹೆಸರು, ಊರು ಪ್ರಕಟವಾಗಬಾರದೆಂಬ ನಿಮ್ಮ ಕೋರಿಕೆಯಂತೆ ಎರಡನ್ನೂ ಬಿಟ್ಟಿದ್ದೇವೆ. ಉಳಿದ ಓದುಗರಿಗಾಗಿ ಪತ್ರದ ಸಾರಾಂಶವನ್ನು ಮೊದಲು ಹೇಳುತ್ತೇನೆ. ಮಗಳ ಮದುವೆ ಮುಗಿಯಲಿ, ಬಾಣಂತನ ಕಳೆಯಲಿ, ಮನೆಯ ಸಾಲ ತೀರಲಿ ಎಂದು ಸುಮಾರು ಹತ್ತು ವರ್ಷ ಮಂಡಿನೋವನ್ನು ನುಂಗಿಕೊಂಡಿದ್ದ ನೀವು, ಎಂಟು ತಿಂಗಳ ಹಿಂದೆ ಬಲಗಾಲಿನ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದೀರಿ. ವಾಕರ್ ಬಿಟ್ಟಾಗಿದೆ, ಮನೆಯೊಳಗೆ ಕೋಲಿಲ್ಲದೆ ಓಡಾಡುತ್ತೀರಿ. ಆದರೆ ಮೆಟ್ಟಿಲಿಳಿಯುವಾಗ ಒಳಬದಿಯಲ್ಲಿ ಚಳುಕು, ರಾತ್ರಿ ಉರಿ, ಗಾಯದ ಗೆರೆಯ ಹೊರಬದಿಗೆ ಅಂಗೈಯಗಲದಷ್ಟು ಜೋಮು ಉಳಿದುಕೊಂಡಿವೆ. ಎಕ್ಸ್‌ರೇ ನೋಡಿದ ವೈದ್ಯರು ಎಲ್ಲವೂ ಸರಿಯಾಗಿ ಕೂತಿದೆ ಎಂದಿದ್ದಾರೆ. ‘ಎಕ್ಸ್‌ರೇ ಛಲೋ ಅದ ಅಂದಮ್ಯಾಲೆ ನೋವು ಎಲ್ಲಿಂದ ಬಂತು?’ ಎಂದು ಯಜಮಾನರು ಕೇಳುತ್ತಾರೆ. ಅತ್ತೆಯವರಿಗೆ ಕೆಲಸಕ್ಕೆ ಮನಸ್ಸಿಲ್ಲ ಎಂದು ಸೊಸೆ ಯಾರೊಡನೆಯೋ ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿದೆ. ಕೊನೆಗೆ ನೀವು ನನ್ನನ್ನು ಕೇಳಿದ್ದು: ಈ ನೋವು ನಿಜವೋ, ನನ್ನ ಮನಸ್ಸಿನ ಆಟವೋ? ಎಡಮಂಡಿಗೂ ಆಪರೇಶನ್ ಮಾಡಿಸಬೇಕೋ ಬೇಡವೋ?

ನಾನು ವೈದ್ಯನಲ್ಲ, ನಿಮ್ಮ ಕಾಲನ್ನು ಮುಟ್ಟಿ ನೋಡಿದವರ ಮಾತಿನ ಜಾಗದಲ್ಲಿ ನನ್ನ ಮಾತು ನಿಲ್ಲಲಾರದು. ಆದರೆ ಮೊದಲ ಪ್ರಶ್ನೆಗೆ ವೈದ್ಯವಿಜ್ಞಾನವೇ ಸ್ಪಷ್ಟವಾದ ಉತ್ತರ ಕೊಟ್ಟಿರುವುದರಿಂದ ಅದನ್ನು ಅಳುಕಿಲ್ಲದೆ ಮುಂದಿಡುತ್ತೇನೆ. ನಿಮ್ಮ ನೋವು ನಿಜ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ನೋವಿಗೊಂದು ವ್ಯಾಖ್ಯೆ ಕೊಟ್ಟಿತು. 2020ರಲ್ಲಿ ಅದನ್ನು ಪರಿಷ್ಕರಿಸಿದಾಗ, ತನಗೆ ನೋವಾಗುತ್ತಿದೆ ಎಂದು ಒಬ್ಬ ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನೂ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ಮೀರಿಯೂ ಉಳಿಯುವ ನೋವಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವೇ ಇದೆ. ಮಂಡಿ ಬದಲಾಯಿಸಿಕೊಂಡವರಲ್ಲಿ ಸುಮಾರು ಐವರಿಗೊಬ್ಬರು ಇಂಥ ನೋವಿನೊಡನೆ ಉಳಿಯುತ್ತಾರೆ ಎಂಬುದು ಮೂಳೆವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಎರಡೇ ತಿಂಗಳಲ್ಲಿ ದೇವಸ್ಥಾನದ ಮೆಟ್ಟಿಲು ಹತ್ತಿದ ನಿಮ್ಮ ನೆರೆಮನೆಯವರ ಕಥೆಯಷ್ಟೇ ನಿಮ್ಮ ಕಥೆಯೂ ಸತ್ಯ. ಅವರ ಕಥೆಯನ್ನು ಊರೆಲ್ಲ ಹೇಳುತ್ತದೆ, ನಿಮ್ಮಂಥವರ ಕಥೆ ಅಡುಗೆಮನೆ ದಾಟಿ ಬರುವುದಿಲ್ಲ.

ಹಾಗಾದರೆ ಎಕ್ಸ್‌ರೇಯಲ್ಲಿ ಏಕೆ ಕಾಣುವುದಿಲ್ಲ? ಎಕ್ಸ್‌ರೇ ಮೂಳೆಯನ್ನೂ ಲೋಹವನ್ನೂ ತೋರಿಸುತ್ತದೆ, ನರವನ್ನು ತೋರಿಸುವುದಿಲ್ಲ. ಪೆಟ್ಟಿನ ಗಾತ್ರಕ್ಕೂ ನೋವಿನ ಗಾತ್ರಕ್ಕೂ ನೇರ ಲೆಕ್ಕವಿಲ್ಲವೆಂಬುದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ಅರಿವಳಿಕೆ ವೈದ್ಯರು ಇಟಲಿಯ ಯುದ್ಧರಂಗದಲ್ಲಿ ಕಂಡರು. ತೀವ್ರವಾಗಿ ಗಾಯಗೊಂಡ ಸೈನಿಕರನ್ನು ನೋವಿಗೆ ಔಷಧಿ ಬೇಕೇ ಎಂದು ವಿಚಾರಿಸಿದಾಗ ಸುಮಾರು ಮುಕ್ಕಾಲು ಪಾಲು ಜನ ಬೇಡವೆಂದರು ಎಂದು 1946ರಲ್ಲಿ ಅವರು ಪ್ರಕಟಿಸಿದರು. ದೊಡ್ಡ ಗಾಯವಿದ್ದೂ ಕಡಿಮೆ ನೋವಿರಬಹುದಾದರೆ, ಗಾಯ ಮಾಗಿದ ಮೇಲೂ ದೊಡ್ಡ ನೋವಿರಬಹುದು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮುಂದಿಟ್ಟ ಸಿದ್ಧಾಂತವು, ಕಾಲಿನಿಂದ ಹೊರಟ ಸಂದೇಶ ಮಿದುಳನ್ನು ಮುಟ್ಟುವ ಮೊದಲೇ ಬೆನ್ನುಹುರಿಯಲ್ಲಿ ಹಿಗ್ಗಲೂಬಹುದು, ಕುಗ್ಗಲೂಬಹುದು ಎಂದು ವಿವರಿಸಿತು. ವರ್ಷಗಟ್ಟಲೆ ನೋವಿನ ಸಂದೇಶವನ್ನೇ ಸಾಗಿಸಿದ ನರಮಂಡಲ ಕ್ರಮೇಣ ಹೆಚ್ಚು ಸೂಕ್ಷ್ಮವಾಗುತ್ತದೆ ಎಂಬುದು ಆಮೇಲಿನ ಸಂಶೋಧನೆಗಳಿಂದ ಖಚಿತವಾಗಿದೆ. ಹತ್ತು ವರ್ಷ ಜನ ತುಳಿದ ಹೊಲದ ಕಾಲುದಾರಿಯ ಮೇಲೆ ಒಂದು ದಿನ ನೇಗಿಲು ಹೊಡೆದ ಮಾತ್ರಕ್ಕೆ ಅಲ್ಲಿ ಮರುದಿನವೇ ಬೆಳೆ ಏಳುವುದಿಲ್ಲ. ಸವೆದ ಕೀಲನ್ನು ವೈದ್ಯರು ಒಂದೆರಡು ಗಂಟೆಯಲ್ಲಿ ಬದಲಾಯಿಸಿದರು. ನೋವಿಗೆ ಒಗ್ಗಿಹೋದ ನರಗಳಿಗೆ ತಿಂಗಳುಗಳೇ ಬೇಕು. ನೀವು ಆಪರೇಶನ್ನನ್ನು ಮುಂದೂಡಿದ್ದು ನಿಮ್ಮ ತಪ್ಪೆಂದು ಖಂಡಿತ ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರ ಮಂಡಿನೋವಿನ ಸರದಿ ಯಾವಾಗಲೂ ಕೊನೆಗೇ ಬರುತ್ತದೆ ಎಂಬುದನ್ನು ನೋಡುತ್ತ ಬಂದಿರುವವರಲ್ಲಿ ನಾನೂ ಒಬ್ಬ, ಅದರ ಬಗ್ಗೆ ನನಗೆ ಸಿಟ್ಟಿದೆ.

ಜೋಮಿನ ವಿಷಯಕ್ಕೆ ಹೆದರಬೇಡಿ. ಮಂಡಿಯ ಮುಂಭಾಗದಲ್ಲಿ ಉದ್ದಕ್ಕೆ ಕೊಯ್ಯುವಾಗ ಚರ್ಮದ ಸ್ಪರ್ಶಕ್ಕೆ ಸಂಬಂಧಿಸಿದ ಸಣ್ಣ ನರದ ಕವಲುಗಳು ತುಂಡಾಗುತ್ತವೆ. ಅದನ್ನು ಪೂರ್ತಿ ತಪ್ಪಿಸುವುದು ಕಷ್ಟ. ಆದ್ದರಿಂದ ಗೆರೆಯ ಹೊರಬದಿಯ ಚರ್ಮ ಮರಗಟ್ಟಿದಂತಿರುವುದು ಬಹುಮಂದಿಯಲ್ಲಿ ಕಾಣುವಂಥದ್ದು, ಕಾಲ ಕಳೆದಂತೆ ಅದರ ಅಗಲ ಕಿರಿದಾಗುತ್ತದೆ. ಮುಟ್ಟಿದರೆ ಮಂಡಿ ಬೆಚ್ಚಗಿರುವುದು, ಸಂಜೆಯಾದರೆ ಸ್ವಲ್ಪ ಊದಿಕೊಳ್ಳುವುದು ಕೂಡ ಹಲವು ತಿಂಗಳವರೆಗೆ ಇರಬಹುದು. ಈ ಎರಡು ಮಾತನ್ನು ಆಸ್ಪತ್ರೆಯಿಂದ ಹೊರಡುವ ದಿನವೇ ಯಾರಾದರೂ ಕನ್ನಡದಲ್ಲಿ ನಿಮಗೆ ಹೇಳಿದ್ದರೆ ಎಷ್ಟು ರಾತ್ರಿಗಳ ಆತಂಕ ತಪ್ಪುತ್ತಿತ್ತು! ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿದೆ, ಅದರಲ್ಲಿ ಮಾತ್ರೆಗಳ ಹೆಸರು ಬಿಟ್ಟರೆ ಬೇರೇನೂ ಅರ್ಥವಾಗಲಿಲ್ಲ ಎಂದು ಬರೆದಿದ್ದೀರಿ. ರೋಗಿಗೆ ಅರ್ಥವಾಗದ ಸೂಚನೆಯನ್ನು ಕೊಟ್ಟದ್ದೂ ಒಂದೇ, ಕೊಡದಿದ್ದದ್ದೂ ಒಂದೇ.

ಆದರೆ ನೋವು ನಿಜ ಎಂದ ಮಾತ್ರಕ್ಕೆ ಅದಕ್ಕೆ ಬೇರೆ ಕಾರಣವಿಲ್ಲ ಎಂದು ತೀರ್ಮಾನಿಸಿ ಕೂರಬಾರದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿ ಇನ್ನೊಮ್ಮೆ ಹೋಗಿ. ಕೀಲಿನೊಳಗೆ ನಿಧಾನವಾಗಿ ಬೆಳೆಯುವ ಸೋಂಕು ಇದೆಯೇ ಎಂಬ ಸುಳಿವು ರಕ್ತಪರೀಕ್ಷೆಯಲ್ಲಿ ಸಿಗಬಹುದು; ಲೋಹದ ಭಾಗ ಸಡಿಲವಾಗಿದೆಯೇ ಎಂಬುದನ್ನು ಹಳೆಯ ಮತ್ತು ಹೊಸ ಎಕ್ಸ್‌ರೇಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ; ಸೊಂಟದ ಕೀಲಿನ ಸವೆತ ಅಥವಾ ಬೆನ್ನಿನಲ್ಲಿ ನರ ಒತ್ತಿಕೊಂಡಿರುವುದು ಎಷ್ಟೋ ವೇಳೆ ಮಂಡಿಯ ನೋವಿನ ವೇಷದಲ್ಲಿ ಬರುತ್ತದೆ. ಸೊಂಟ, ಬೆನ್ನು ಎರಡನ್ನೂ ಪರೀಕ್ಷಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಜ್ವರ, ಗಾಯದಿಂದ ಕೀವು, ಮೀನಖಂಡ ದಿಢೀರನೆ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈಗ ದಿನನಿತ್ಯದ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ಅಮಾವಾಸ್ಯೆಯ ದಿನದ ವಿವರ. ಅಂದು ನೋವು ಕಡಿಮೆಯಿತ್ತೆಂದು ಬೆಳಗಿನಿಂದ ಒಲೆಯ ಮುಂದೆ ನಿಂತು ಮನೆಮಂದಿಗೆಲ್ಲ ಸಾಕಾಗುವಷ್ಟು ರೊಟ್ಟಿ ಬಡಿದಿರಿ, ಪಾತ್ರೆ ತೊಳೆದಿರಿ, ಮರುದಿನದಿಂದ ಹಾಸಿಗೆ ಹಿಡಿದಿರಿ. ಹಳೆಯ ನೋವಿರುವವರಲ್ಲಿ ಈ ವರಸೆ ಬಹಳ ಸಾಮಾನ್ಯ: ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಬಾಚಿಕೊಳ್ಳುವುದು, ಆಮೇಲೆ ಕುಸಿಯುವುದು, ಮಲಗಿದ ದಿನಗಳಲ್ಲಿ ತೊಡೆಯ ಸ್ನಾಯು ಇನ್ನಷ್ಟು ಸೊರಗುವುದು, ಸೊರಗಿದ ಸ್ನಾಯುವಿನಿಂದಾಗಿ ಮಂಡಿಯ ಮೇಲೆ ಭಾರ ಹೆಚ್ಚುವುದು. ಇದನ್ನು ಮುರಿಯಲು ನೋವು ಎಷ್ಟಿದೆ ಎಂದು ನೋಡಿ ಕೆಲಸ ಮಾಡುವುದನ್ನು ಬಿಟ್ಟು, ಗಡಿಯಾರ ನೋಡಿ ಕೆಲಸ ಮಾಡಬೇಕಾಗುತ್ತದೆ. ಹತ್ತು ನಿಮಿಷ ನಿಂತರೆ ನೋವು ಏರುವುದಿಲ್ಲ ಎಂದಾದರೆ, ಚೆನ್ನಾಗಿರುವ ದಿನವೂ ಹತ್ತೇ ನಿಮಿಷ, ಕೆಟ್ಟ ದಿನವೂ ಆದಷ್ಟು ಹತ್ತೇ ನಿಮಿಷ. ಬಳಿಕ ಎತ್ತರದ ಸ್ಟೂಲಿನ ಮೇಲೆ ಕೂತು ಉಳಿದದ್ದು. ಒಂದು ವಾರ ಅದು ಹಗುರವೆನಿಸಿದರೆ ಮುಂದಿನ ವಾರ ಒಂದೆರಡು ನಿಮಿಷ ಹೆಚ್ಚಿಸಬಹುದು. ಕೇಳಲು ಇದು ಸಣ್ಣದು, ಪಾಲಿಸಲು ಬಹಳ ಕಷ್ಟ, ಏಕೆಂದರೆ ಅರ್ಧ ಕೆಲಸ ಬಿಟ್ಟು ಕೂರುವುದನ್ನು ನಿಮಗೆ ಯಾರೂ ಕಲಿಸಿಲ್ಲ.

ವ್ಯಾಯಾಮವನ್ನು ಎರಡನೆಯ ತಿಂಗಳಿಗೇ ನಿಲ್ಲಿಸಿದೆ ಎಂದಿದ್ದೀರಿ. ಮನೆಗೆ ಬರುವ ಫಿಸಿಯೋಥೆರಪಿಸ್ಟರ ಶುಲ್ಕ ಭಾರವಾದದ್ದರಿಂದ ನಿಲ್ಲಿಸಿದ್ದು ನನಗೆ ಅರ್ಥವಾಗುತ್ತದೆ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಒಮ್ಮೆ ತೋರಿಸಿ, ಮನೆಯಲ್ಲಿ ಮಾಡಬಹುದಾದದ್ದನ್ನು ಕಲಿತು ಬನ್ನಿ. ಎಲ್ಲ ಕಡೆ ಹೇಳಿಕೊಡುವ ಒಂದನ್ನು ಇಲ್ಲಿ ಬರೆಯುತ್ತೇನೆ: ಕಾಲು ನೀಡಿ ಮಂಚದ ಮೇಲೆ ಕೂತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡುವುದು. ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗುವುದು ಕಣ್ಣಿಗೇ ಕಾಣುತ್ತದೆ. ವ್ಯಾಯಾಮ ಮುಗಿದ ಕೂಡಲೇ ಟವೆಲನ್ನು ತೆಗೆದುಬಿಡಬೇಕು. ರಾತ್ರಿ ಹಿತವಾಗಲೆಂದು ಮೊಮ್ಮಗಳು ಮಂಡಿಯ ಅಡಿಗೆ ದಿಂಬಿಡುತ್ತಾಳೆ ಎಂದು ಪ್ರೀತಿಯಿಂದ ಬರೆದಿದ್ದೀರಿ. ಆ ದಿಂಬನ್ನು ಮಾತ್ರ ದಯವಿಟ್ಟು ಬಿಡಿ. ಮಡಿಸಿದ ಸ್ಥಿತಿಯಲ್ಲೇ ರಾತ್ರಿಯಿಡೀ ಇದ್ದ ಮಂಡಿ ಪೂರ್ತಿ ನೇರವಾಗುವುದನ್ನೇ ಮರೆಯುತ್ತದೆ, ನೇರವಾಗದ ಕಾಲಿನಲ್ಲಿ ನಡೆದರೆ ನೋವು ಹೆಚ್ಚುತ್ತದೆ. ದಿಂಬು ಬೇಕೇ ಬೇಕಾದರೆ ಹಿಮ್ಮಡಿಯ ಕೆಳಗಿರಲಿ. ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಬಲಗಾಲು ಮೊದಲು. ಹೊರಗೆ ಹೋಗುವಾಗ ಕೋಲು ಎಡಗೈಯಲ್ಲಿ. ನೆಲದ ಮೇಲೆ ಕೂತು ಪೂಜೆ ಮಾಡಲಾಗದೆಂದು ನೊಂದುಕೊಂಡಿದ್ದೀರಿ. ಕುಕ್ಕರಗಾಲಿನಲ್ಲಿ ಕೂರುವುದನ್ನು ಬಹುಪಾಲು ವೈದ್ಯರು ಬೇಡವೆನ್ನುತ್ತಾರೆ. ಕುರ್ಚಿಯ ಮೇಲೆ ಕೂತು ಮಾಡಿದ ಪೂಜೆಗೆ ಯಾವ ಕೊರತೆಯೂ ಇಲ್ಲವೆಂದು ನಾನು ಮನಸಾರೆ ನಂಬುತ್ತೇನೆ.

ಮಾತ್ರೆಗಳ ಬಗ್ಗೆ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದೀರಿ. ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್ ಜಾತಿಯ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ತರಬಹುದು, ಮೂತ್ರಪಿಂಡವನ್ನು ಹಾಳುಮಾಡಬಹುದು. ರಕ್ತದೊತ್ತಡದ ಔಷಧಿ ತೆಗೆದುಕೊಳ್ಳುವ ನಿಮ್ಮಂಥವರಿಗೆ ಅಪಾಯ ಇನ್ನೂ ಹೆಚ್ಚು. ಇವುಗಳಲ್ಲಿ ಹಲವು ಪ್ಯಾರಸಿಟಮಾಲ್ ಜೊತೆ ಸೇರಿಸಿದ ಗುಳಿಗೆಗಳಾದ್ದರಿಂದ, ಮೇಲೆ ಇನ್ನೊಂದು ಪ್ಯಾರಸಿಟಮಾಲ್ ನುಂಗಿದರೆ ಗೊತ್ತಿಲ್ಲದೆಯೇ ಪ್ರಮಾಣ ಮೀರಬಹುದು. ಮುಂದಿನ ಭೇಟಿಗೆ ಗುಳಿಗೆಗಳ ಖಾಲಿ ಪಟ್ಟಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ. ವೈದ್ಯರು ಬರೆದ ಅಮಿಟ್ರಿಪ್ಟಿಲಿನ್ ಗುಳಿಗೆಯನ್ನು ‘ಇದು ಮನೋರೋಗದ್ದು’ ಎಂದು ಅಂಗಡಿಯವರು ಹೇಳಿದರೆಂದು ನೀವು ಮುಟ್ಟಲೇ ಇಲ್ಲ. ಖಿನ್ನತೆಗೆ ಕೊಡುವ ಆ ಔಷಧಿಯನ್ನೇ ಬಹಳ ಸಣ್ಣ ಪ್ರಮಾಣದಲ್ಲಿ ನರದ ನೋವಿಗೂ ದಶಕಗಳಿಂದ ಕೊಡುತ್ತ ಬಂದಿದ್ದಾರೆ. ನಿಮ್ಮ ರಾತ್ರಿಯ ಉರಿಗಾಗಿಯೇ ಅದನ್ನು ಬರೆದಿರಬಹುದು, ಕೇಳಿ ತಿಳಿದುಕೊಳ್ಳಿ. ನಾಟಿ ವೈದ್ಯರ ವಿಷಯ: ಮಾಗಿದ ಗಾಯದ ಸುತ್ತ ಮನೆಯಲ್ಲಿ ಮೆಲ್ಲನೆ ಎಣ್ಣೆ ಸವರಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಜಗ್ಗಿ ಮಡಿಸುವವರ ಕೈಗೆ ಲೋಹದ ಕೀಲನ್ನು ಕೊಡಬೇಡಿ.

ಈ ಪುಟವನ್ನು ನಿಮ್ಮ ಮನೆಯವರಿಗೆ ಓದಿಸಿ ಎಂಬ ಕಾರಣಕ್ಕೇ ಅವರಿಗೂ ನೇರವಾಗಿ ಎರಡು ಮಾತು. ಯಜಮಾನರೇ, ನಿಮ್ಮ ಪ್ರಶ್ನೆಯಲ್ಲಿ ಕೆಡುಕಿಲ್ಲ. ಖರ್ಚು ಮಾಡಿದ್ದೀರಿ, ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದಿದ್ದೀರಿ, ಫಲ ಕಾಣಬೇಕೆಂಬ ಆಸೆ ಸಹಜ. ಆದರೆ ನೋವಿರುವವರು ತಮ್ಮ ನೋವನ್ನು ದಿನವೂ ಸಾಬೀತುಪಡಿಸಬೇಕಾದ ಮನೆಯಲ್ಲಿ ನೋವು ಇಳಿಯುವುದು ಕಷ್ಟ, ಏಕೆಂದರೆ ಆತಂಕ ಮತ್ತು ನಿದ್ರೆಗೇಡು ನೋವನ್ನು ಏರಿಸುತ್ತವೆ ಎಂಬುದು ವೈದ್ಯರು ಒಪ್ಪುವ ಸತ್ಯ. ಸೊಸೆಯವರೇ, ಅತ್ತೆಯವರ ಕೈಯಿಂದ ಎಲ್ಲ ಕೆಲಸವನ್ನೂ ಕಿತ್ತುಕೊಳ್ಳಬೇಡಿ, ಎಲ್ಲವನ್ನೂ ಅವರ ಮೇಲೆ ಬಿಡಲೂಬೇಡಿ. ಅಮಾವಾಸ್ಯೆಯ ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ಬಡಿಯಬಹುದು. ನಿಮ್ಮ ಬೆನ್ನಿಗೂ ಆ ಒಲೆಕಟ್ಟೆಯ ಎತ್ತರ ಸರಿಯಿದೆಯೇ ಎಂದು ನೋಡಿಕೊಳ್ಳಿ.

ರಾತ್ರಿ ಒಬ್ಬರೇ ಎದ್ದು ಕೂತು ಅಳುತ್ತೇನೆ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ನೋವಿನ ಜೊತೆಯಲ್ಲೇ ಬರುವ ಆ ಕುಸಿತಕ್ಕೂ ಚಿಕಿತ್ಸೆ ಇದೆ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ, ಅದಕ್ಕೆ ಹಣವಿಲ್ಲ. ಹಾಗೆ ಕರೆ ಮಾಡುವುದರಿಂದ ನೋವು ಮನಸ್ಸಿನದೆಂದು ಒಪ್ಪಿಕೊಂಡಂತೆ ಆಗುವುದಿಲ್ಲ.

ಇನ್ನು ಎಡಮಂಡಿ. ಸವೆತದ ಮಂಡಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ತುರ್ತಿನದಲ್ಲ. ಬಲಮಂಡಿ ಸುಧಾರಿಸಲು ಒಂದು ವರ್ಷದವರೆಗೂ, ಕೆಲವರಲ್ಲಿ ಅದರಾಚೆಗೂ ಅವಕಾಶವಿದೆ. ಆ ನೋವಿಗೆ ಕಾರಣವೇನೆಂದು ಗೊತ್ತಾಗುವ ಮೊದಲು ಎಡಗಾಲಿನ ದಿನಾಂಕ ಗೊತ್ತುಮಾಡುವುದು ನನಗೆ ಸರಿಯೆನಿಸುವುದಿಲ್ಲ. ಅಷ್ಟರಲ್ಲಿ ಅದೇ ಟವೆಲಿನ ವ್ಯಾಯಾಮವನ್ನು ಎರಡೂ ಕಾಲಿಗೆ ಮಾಡಿ. ವೈದ್ಯರ ಬಳಿ ಹೋಗುವ ಮೊದಲು ಒಂದು ಹಾಳೆಯಲ್ಲಿ ನೋವು ಎಲ್ಲಿ, ಯಾವ ಹೊತ್ತಿನಲ್ಲಿ, ಯಾವುದರಿಂದ ಏರುತ್ತದೆ, ಯಾವುದರಿಂದ ಇಳಿಯುತ್ತದೆ ಎಂದು ಬರೆದುಕೊಂಡು, ಮಗಳನ್ನೋ ಯಜಮಾನರನ್ನೋ ಜೊತೆಗೆ ಕರೆದುಕೊಂಡು ಹೋಗಿ. ವೈದ್ಯರು ಹೇಳಿದ್ದನ್ನು ಅಲ್ಲಿಯೇ, ಕನ್ನಡದಲ್ಲಿ, ಅದೇ ಹಾಳೆಯ ಹಿಂಬದಿಗೆ ಅವರಿಂದ ಬರೆಸಿಕೊಳ್ಳಿ.

ಇತಿ,
ಸಂಪಾದಕ