ಲೋಕ್ತಾಕ್ ಸರೋವರಕ್ಕೆ ಅರ್ಧ ದಿನ ಸಾಕೇ?

ಮಧ್ಯಾಹ್ನ ಇಂಫಾಲದಿಂದ ಹೊರಟು ಮಣಿಪುರದ ಲೋಕ್ತಾಕ್ ಸರೋವರ ಸುತ್ತಿ, ಸಂಗಾಯ್ ಜಿಂಕೆಯನ್ನೂ ಕಂಡು ರಾತ್ರಿಯೊಳಗೆ ಮರಳಬಹುದೇ ಎಂಬ ನಿಮ್ಮ ಲೆಕ್ಕವನ್ನೇ ನಾನೂ ಒಂದು ಡಿಸೆಂಬರಿನಲ್ಲಿ ಹಾಕಿಕೊಂಡಿದ್ದೆ. ಸರೋವರದ ಪಕ್ಕದ ಊರಾದ ಮೊಯಿರಾಂಗ್ ಸುಮಾರು 45 ಕಿಲೋಮೀಟರು ತಾನೇ ಎಂಬ ಧೈರ್ಯದಲ್ಲಿ ತಡವಾಗಿ ಹೊರಟು, ಸೆಂದ್ರಾ ಗುಡ್ಡದ ಮೇಲೆ ನಿಧಾನವಾಗಿ ಊಟ ಮುಗಿಸಿ ಸಂಗಾಯ್ ಇರುವ ಕೈಬುಲ್ ಲಮ್ಜಾವೊ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ, ವೀಕ್ಷಣಾ ಗೋಪುರದಿಂದ ಕಂಡದ್ದು ಆಳೆತ್ತರದ ಹುಲ್ಲು ಮಾತ್ರ. ಸಂಗಾಯ್ ಬೆಳಗಿನ ಜಾವದಲ್ಲಿ ಮತ್ತು ಇಳಿಹೊತ್ತಿನಲ್ಲಿ ಮೇಯುತ್ತದೆ, ಬಿಸಿಲೇರಿದರೆ ಹುಲ್ಲಿನೊಳಗೆ ಅಡಗುತ್ತದೆ ಎಂದು ಅಲ್ಲಿದ್ದವರು ತಿಳಿಸಿದರು. ಹಾಗಾದರೆ ಐದು ಗಂಟೆಗೆ ಮತ್ತೆ ಬಂದರಾಯಿತೆಂದು ಮೊಯಿರಾಂಗಿನ ಐ.ಎನ್.ಎ. (ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್) ಸಂಗ್ರಹಾಲಯ ನೋಡಲು ಹೋದೆ.

ನನ್ನನ್ನು ಕೆಡಿಸಿದ್ದು ಆ ಐದು ಗಂಟೆಯೇ. ದೇಶಕ್ಕೆಲ್ಲ ಗಡಿಯಾರ ಒಂದೇ ಆದರೂ ಇಂಫಾಲ ಬೆಂಗಳೂರಿಗಿಂತ ಸುಮಾರು 16 ಡಿಗ್ರಿ ರೇಖಾಂಶ ಪೂರ್ವಕ್ಕಿದೆ; ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮಲ್ಲಿ ಸಂಜೆಯ ಕಾಫಿಗೆ ಕೂರುವ ಹೊತ್ತು ಅಲ್ಲಿ ಮುಸ್ಸಂಜೆ. ಬೇಗ ಬೆಳಗಾಗಿರುವುದನ್ನು ಕಂಡೂ ಬೇಗ ಕತ್ತಲಾಗುತ್ತದೆಂದು ನನಗೆ ಹೊಳೆಯಲಿಲ್ಲ. 1944ರ ಏಪ್ರಿಲ್ 14ರಂದು ಆಜಾದ್ ಹಿಂದ್ ಫೌಜಿನ ಧ್ವಜ ಹಾರಿದ ಊರಿನ ಚರಿತ್ರೆಯನ್ನು ಓದಿ ಹೊರಬರುವಷ್ಟರಲ್ಲಿ ಜಿಂಕೆಗಳ ವೇಳೆ ಮೀರಿತ್ತು, ಚಾಲಕನು ಇಂಫಾಲಕ್ಕೆ ಹೊರಡಲು ಅವಸರಿಸುತ್ತಿದ್ದನು.

ಆದ್ದರಿಂದ ಅರ್ಧ ದಿನದ ಯೋಜನೆಯನ್ನೇ ಕೈಬಿಡಿ. ಮೊಯಿರಾಂಗಿನಲ್ಲೋ ಸರೋವರದೊಳಗಿನ ಥಾಂಗಾದಲ್ಲೋ ರಾತ್ರಿ ತಂಗಿ, ನಸುಕಿನಲ್ಲೇ ಉದ್ಯಾನಕ್ಕೆ ಹೋಗಿರಿ. ನನ್ನ ದೃಷ್ಟಿಯಲ್ಲಿ ಜಿಂಕೆಗಿಂತ ಮೊದಲು ಗಮನಿಸಬೇಕಾದದ್ದು ಅದು ನಿಲ್ಲುವ ನೆಲ. ಉದ್ಯಾನದ ಬಹುಭಾಗ ಫುಮ್ದಿ, ಎಂದರೆ ಬೇರು, ಮಣ್ಣು, ಕೊಳೆತ ಸಸ್ಯಗಳು ಹೆಣೆದುಕೊಂಡ ತೇಲುವ ಹಾಸು. ಒಣ ತಿಂಗಳುಗಳಲ್ಲಿ ನೀರಿಳಿದಾಗ ಅದು ತಳಕ್ಕೆ ತಾಗಿ ಸಾರ ಹೀರಿ, ಮಳೆ ಬಂದಾಗ ಮತ್ತೆ ಮೇಲೇಳುತ್ತಿತ್ತು. 1983ರಲ್ಲಿ ನೀರು ತಡೆದು ನಿಲ್ಲಿಸುವ ಇಥಾಯ್ ಬ್ಯಾರೇಜ್ ಬಂದ ಮೇಲೆ ವರ್ಷವಿಡೀ ನೀರು ಎತ್ತರದಲ್ಲೇ ನಿಲ್ಲುವುದರಿಂದ ಹಾಸು ತೆಳುವಾಗುತ್ತಿದೆ. 1975ರಲ್ಲಿ 14ಕ್ಕೆ ಇಳಿದಿದ್ದ ಸಂಗಾಯ್ ಸಂಖ್ಯೆ 2016ರಲ್ಲಿ 260ಕ್ಕೆ ಏರಿತೆಂಬ ಸಂತೋಷವನ್ನು ಈ ತೆಳುವಾದ ನೆಲದ ಜೊತೆಗೇ ಇಟ್ಟು ನೋಡಬೇಕು. ಅದೇ ಫುಮ್ದಿಯ ಮೇಲೆ ಗುಡಿಸಲು ಕಟ್ಟಿ ಬದುಕುವ ಮೀನುಗಾರರ ದೋಣಿಯಲ್ಲಿ ಒಂದು ಬೆಳಗು ಕಳೆಯದೆ ಸೆಂದ್ರಾದಿಂದ ಫೋಟೋ ತೆಗೆದು ಬರುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ನಾನು ಹೋದದ್ದು 2023ರ ಗಲಭೆಗಳಿಗೂ ಮೊದಲು. ಈಗ ಹೊರಡುವ ಮುನ್ನ ಆ ಭಾಗದ ಪರಿಸ್ಥಿತಿಯನ್ನು ಅಲ್ಲಿನವರಿಂದಲೇ ವಿಚಾರಿಸಿಕೊಳ್ಳಿ. 2020ರಿಂದ ಮಣಿಪುರಕ್ಕೂ ಇನ್ನರ್ ಲೈನ್ ಪರ್ಮಿಟ್ (ಹೊರರಾಜ್ಯದವರಿಗೆ ಬೇಕಾದ ಪ್ರವೇಶ ಪರವಾನಗಿ) ಬೇಕಾಗಿರುವುದರಿಂದ ಅದನ್ನೂ ಮಾಡಿಸಿಕೊಳ್ಳಿ.