ದಿಂಬು ತೆಗೆಯಿರಿ, ಕಾಲರ್ ಬಿಡಬೇಡಿ

ಪ್ರಶ್ನೆ: ಕಳೆದ ವರ್ಷ ಬಿಸಿ ಎಣ್ಣೆ ಬಿದ್ದು ನನ್ನ 13 ವರ್ಷದ ಮಗಳ ಕುತ್ತಿಗೆ ಸುಟ್ಟಿತು. ಗಾಯ ಮಾಯ್ದಿದೆ. ಆದರೆ ಚರ್ಮ ಬಿಗಿದು ತಲೆ ಮೇಲೆತ್ತಲು ಆಗುತ್ತಿಲ್ಲ. ಪ್ಲಾಸ್ಟಿಕ್ ಸರ್ಜರಿ ಸಿನಿಮಾದವರಿಗೆ ಅನ್ನುತ್ತಾರೆ ಮನೆಯವರು. ಇವಳು ಡಾ. ಪ್ರೇಮಾ ಧನರಾಜ್ ಬಗ್ಗೆ ಓದಿ, ‘ನಾನೂ ಡಾಕ್ಟರ್ ಆಗ್ತೀನಿ’ ಅನ್ನುತ್ತಾಳೆ. ಏನು ಹೇಳಲಿ?
– ಒಬ್ಬ ತಾಯಿ, ಗದಗ

ಉತ್ತರ: ‘ಆಗು ಮಗಳೇ’ ಅನ್ನಿ, ತಂಗಿ. ಪ್ರೇಮಾ ಮೇಡಂ ಬೆಂಗಳೂರಿನವರು. 8 ವರ್ಷದವರಿದ್ದಾಗ ಸ್ಟೌ ಸಿಡಿದು ಮುಖ, ಕುತ್ತಿಗೆ ಸುಟ್ಟಿತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಒಂದರ ಮೇಲೊಂದು ಆಪರೇಷನ್ ಆಯಿತು. ಮುಂದೆ ನಿಮ್ಮ ಪಕ್ಕದ ಹುಬ್ಬಳ್ಳಿಯಲ್ಲೇ ಎಂಬಿಬಿಎಸ್ ಓದಿದರು. ಪ್ಲಾಸ್ಟಿಕ್ ಸರ್ಜನ್ ಆಗಿ, ತಮಗೆ ಚಿಕಿತ್ಸೆ ಕೊಟ್ಟ ಅದೇ ಆಸ್ಪತ್ರೆಯ ಅದೇ ವಿಭಾಗಕ್ಕೆ ಮುಖ್ಯಸ್ಥೆಯಾದರು! 1999ರಲ್ಲಿ ಸುಟ್ಟ ಗಾಯದವರಿಗಾಗಿಯೇ ‘ಅಗ್ನಿ ರಕ್ಷಾ’ ಸಂಸ್ಥೆ ಕಟ್ಟಿದರು. 2024ರಲ್ಲಿ ಪದ್ಮಶ್ರೀ ಬಂತು. ಇದನ್ನು ಮನೆಯವರಿಗೂ ಓದಿ ಹೇಳಿ.

ಈಗ ಕುತ್ತಿಗೆ ವಿಷಯ. ಬಿಗಿದ ಚರ್ಮವನ್ನು ಬಿಡಿಸಿ, ಸಾಮಾನ್ಯವಾಗಿ ತೊಡೆಯ ಚರ್ಮ ತೆಗೆದು ಅಲ್ಲಿ ಹಾಕುತ್ತಾರೆ. ತಲೆ ಎತ್ತಲು, ಬಾಯಿ ಸರಿಯಾಗಿ ಮುಚ್ಚಲು ಬೇಕಾದ ಆಪರೇಷನ್ ಇದು. ಚೆಂದಕ್ಕೆ ಮಾಡಿಸುವುದಲ್ಲ. ಗುರುತು ಪೂರ್ತಿ ಹೋಗುವುದಿಲ್ಲ ಅಂತ ಮಗಳಿಗೆ ಮೊದಲೇ ಹೇಳಿಬಿಡಿ.

ಆಮೇಲಿನ ಕೆಲಸವೇ ಜಾಸ್ತಿ. ನಾನು ಬರ್ನ್ಸ್ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಒಬ್ಬ ಹುಡುಗಿಗೆ ಹೀಗೇ ಕುತ್ತಿಗೆ ಆಪರೇಷನ್ ಆಗಿತ್ತು. ರಾತ್ರಿ ರೌಂಡ್ಸಿಗೆ ಹೋದರೆ ದಿನಾ ತಲೆಯ ಕೆಳಗೆ ಒಂದು ಹಳೆ ಸೀರೆ, ನಾಲ್ಕು ಮಡಿಕೆ ಮಾಡಿದ್ದು. ಮಗು ನರಳುತ್ತದೆ ಅಂತ ಅಜ್ಜಿ ಇಡುತ್ತಿದ್ದರು. ನಾನು ಅದನ್ನು ತೆಗೆದು ಭುಜದ ಕೆಳಗೆ ಇಡುತ್ತಿದ್ದೆ, ತಲೆ ಹಿಂದಕ್ಕೆ ಬಾಗಲಿ ಅಂತ. ಹುಡುಗಿ ಅಳುತ್ತಿದ್ದಳು, ಅಜ್ಜಿಯೂ ಅಳುತ್ತಿದ್ದರು. ಅಜ್ಜಿಯದು ಪ್ರೀತಿಯೇ ಅಲ್ವಾ? ಆದರೆ ಕುತ್ತಿಗೆಗೆ ಯಾವ ಭಂಗಿ ಹಿತವೋ ಅದರಲ್ಲೇ ಹೊಸ ಚರ್ಮ ಮತ್ತೆ ಬಿಗಿಯುತ್ತದೆ. ಅದಕ್ಕೇ ದಿಂಬು ಬೇಡ. ಕುತ್ತಿಗೆ ಬಾಗದಂತೆ ಡಾಕ್ಟರು ಕೊಟ್ಟ ಪಟ್ಟಿಯನ್ನು, ಅಂದರೆ ಕಾಲರನ್ನು, ಅವರು ಸಾಕು ಅನ್ನುವವರೆಗೆ ಹಾಕಿಸಿ, ಎಷ್ಟೋ ತಿಂಗಳಾದರೂ ಸರಿ. ಫಿಸಿಯೋಥೆರಪಿ ತಪ್ಪಿಸಬೇಡಿ.

ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಗೆ ಬೇಗ ತೋರಿಸಿ. ಹಳೆಯ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಶಾಲೆ ಮಾತ್ರ ಬಿಡಿಸಬೇಡಿ. ಡಾಕ್ಟರ್ ಆಗಬೇಕಾದವಳು ಅವಳು.